ಜಾಡಿಯ ಮೇಲಿನ ಚೀಟಿ



ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಇಂತಹ ಕಡೆ ನಮ್ಮ ಕಣ್ಣು ಮೊದಲು ಹೋಗುವುದು ಪ್ರಾಣಿಯ ಕಡೆಗೆ. ಪಕ್ಕದ ಚೀಟಿಯನ್ನು ಓದುವವರು ಕಡಿಮೆ. ಇಂದು ಆ ಚೀಟಿಯ ವಿಷಯವನ್ನೇ ಮಾತನಾಡೋಣ.

ನಾನು ಇದೇ ಊರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಒಮ್ಮೆ ಕಾಲೇಜಿಗೆ ತಪಾಸಣೆಯವರು ಬರುವುದಿತ್ತು. ಪ್ರಾಣಿಶಾಸ್ತ್ರ ವಿಭಾಗದ ಗಾಜಿನ ಜಾಡಿಗಳ ಮೇಲಿನ ಚೀಟಿಗಳು ಹಳದಿಗಟ್ಟಿದ್ದವು. ನನ್ನ ಅಕ್ಷರ ದುಂಡಗಿದೆಯೆಂದು ಹೊಸ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಪ್ಪೆಯ ಜಾಡಿಗೆ ‘ರಾನಾ ಟೈಗ್ರಿನಾ’ ಎಂದು ಅಂದವಾಗಿ ಬರೆದು ಅಂಟಿಸಿದೆ. ಹಳೆಯ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಇನ್ನೆರಡು ಸಾಲುಗಳಿದ್ದವು. ಯಾವುದೋ ಊರು, ಒಂದು ತಾರೀಖು, ಯಾರದೋ ಇನಿಷಿಯಲ್. ಅವು ನನಗೆ ಅನಾವಶ್ಯಕವೆನಿಸಿದವು. ಹಳೆಯ ಚೀಟಿಗಳೆಲ್ಲ ಕಸದ ಬುಟ್ಟಿಗೆ ಹೋದವು. ಎಲ್ಲರೂ ಮೆಚ್ಚಿದರು ಕೂಡ!

ನಾನು ಮಾಡಿದ ನಷ್ಟ ಎಂತಹದು ಎಂಬುದನ್ನು ಅದೇ ಕಪ್ಪೆಯ ಮೂಲಕ ವಿವರಿಸುತ್ತೇನೆ. ನಾವು ‘ರಾನಾ ಟೈಗ್ರಿನಾ’ ಎಂದು ಕಲಿತ ಗದ್ದೆಯ ದೊಡ್ಡ ಕಪ್ಪೆಗೆ ಇಂದಿನ ಹೆಸರು ‘ಹಾಪ್ಲೊಬ್ಯಾಟ್ರಾಕಸ್ ಟೈಗೆರಿನಸ್’. ಕಪ್ಪೆ ಬದಲಾಗಲಿಲ್ಲ, ಅದನ್ನು ಸೇರಿಸಿದ ಜಾತಿ ಬದಲಾಯಿತು. ಹಾಗಾದರೆ ಕಂಪ್ಯೂಟರಿಗೆ ಒಂದು ಆಜ್ಞೆ ಕೊಟ್ಟು ಹಳೆಯ ಹೆಸರಿದ್ದ ಕಡೆಯಲ್ಲೆಲ್ಲ ಹೊಸದನ್ನು ತುಂಬಿಬಿಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಇದನ್ನೇ ಹೋಲುವ ಇನ್ನೊಂದು ಕಪ್ಪೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜೆರ್ಡನ್ ಅದಕ್ಕೆ ‘ಕ್ರಾಸಾ’ ಎಂದು ಹೆಸರಿಟ್ಟರೂ, ಅದು ಟೈಗ್ರಿನಾದ್ದೇ ಒಂದು ಬಗೆ ಎಂದು ಹೇಳಿದವರುಂಟು. ಈಗ ಅದು ಬೇರೆಯೇ ಪ್ರಭೇದ, ‘ಹಾಪ್ಲೊಬ್ಯಾಟ್ರಾಕಸ್ ಕ್ರಾಸಸ್’. ಅದರ ಹಿಂಗಾಲಿನ ಅಡಿಯಲ್ಲಿ, ಒಳಬೆರಳಿನ ಬುಡದಲ್ಲಿ, ಮಣ್ಣು ಅಗೆಯಲು ಸಲಿಕೆಯಂತಹ ದೊಡ್ಡ ಗಂಟು ಇರುತ್ತದೆ. ಹೀಗಾಗಿ ಹಳೆಯ ‘ಟೈಗ್ರಿನಾ’ ಜಾಡಿಯಲ್ಲಿರುವುದು ಎರಡರಲ್ಲಿ ಯಾವುದೂ ಆಗಿರಬಹುದು. ಹೆಸರನ್ನು ನವೀಕರಿಸುವುದು ಒಂದು ಕೆಲಸ, ಜಾಡಿ ತೆರೆದು ಕಾಲು ನೋಡಿ ಗುರುತಿಸುವುದು ಇನ್ನೊಂದು. ದಾಖಲೆಯಲ್ಲಿ ಎರಡೂ ಬೇರೆ ಬೇರೆಯಾಗಿ ಕಾಣಬೇಕು.

ಅದಕ್ಕಾಗಿಯೇ ಒಳ್ಳೆಯ ಸಂಗ್ರಹಗಳಲ್ಲಿ ಹೆಸರೊಂದನ್ನೇ ಬರೆಯುವುದಿಲ್ಲ. ಗುರುತಿಸಿದವರು ಯಾರು, ಯಾವಾಗ, ಯಾವ ಗ್ರಂಥದ ಅಥವಾ ಯಾವ ಲಕ್ಷಣದ ಆಧಾರದ ಮೇಲೆ ಎಂಬುದೂ ಇರುತ್ತದೆ. ಮತ್ತೊಬ್ಬರು ಬೇರೆ ಹೆಸರು ಹೇಳಿದರೆ ಹಿಂದಿನದನ್ನು ಅಳಿಸುವುದಿಲ್ಲ, ಕೆಳಗೆ ಹೊಸ ಸಾಲು ಸೇರಿಸುತ್ತಾರೆ. ಸಸ್ಯಶಾಸ್ತ್ರಜ್ಞರು ಈ ವಿಷಯದಲ್ಲಿ ಮೊದಲಿನಿಂದಲೂ ಶಿಸ್ತಿನವರು. ಒಣಗಿಸಿದ ಗಿಡದ ಹಾಳೆಯ ಮೇಲೆ ಹಳೆಯ ಚೀಟಿಯನ್ನು ಉಳಿಸಿ, ಪಕ್ಕದಲ್ಲಿ ಹೊಸದನ್ನು ಅಂಟಿಸುತ್ತಾರೆ. (ಪ್ರಾಣಿಶಾಸ್ತ್ರದವನಾದ ನಾನು ಇದನ್ನು ಸ್ವಲ್ಪ ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ.)

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಫಾದರ್ ಸೆಸಿಲ್ ಸಲ್ಡಾನ ಅವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ನಿಕೋಲ್ಸನ್ ಅವರೊಡನೆ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥವನ್ನು 1976ರಲ್ಲಿ ಹೊರತಂದರು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಅವರು ಕಟ್ಟಿದ ಸಸ್ಯಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಒಂದೇ ಗಿಡದ ಕೊಂಬೆಗಳನ್ನು ಒಂದೇ ಸಂಖ್ಯೆಯಡಿ ಎರಡು ಸಂಗ್ರಹಗಳಲ್ಲಿಡುವುದು ಸಸ್ಯಶಾಸ್ತ್ರದ ವಾಡಿಕೆ. ಒಂದು ಕಡೆ ತಜ್ಞರೊಬ್ಬರು ಹೆಸರು ತಿದ್ದಿದರೆ ಇನ್ನೊಂದು ಕಡೆಯ ಹಾಳೆಗೆ ಅದು ಹೇಗೆ ಗೊತ್ತಾಗಬೇಕು? ಸಂಗ್ರಹಿಸಿದವರ ಹೆಸರು ಮತ್ತು ಆ ಸಂಖ್ಯೆ ಎರಡೂ ಕಡೆಯ ಕಂಪ್ಯೂಟರ್ ದಾಖಲೆಗಳಲ್ಲಿದ್ದರೆ ಮಾತ್ರ.

ಊರಿನ ಹೆಸರಿಗೂ ಇಷ್ಟೇ ಬೆಲೆ. ನಮ್ಮ ಕಾಡುಪಾಪವನ್ನು ಬಹುಕಾಲ ‘ಲೋರಿಸ್ ಟಾರ್ಡಿಗ್ರೇಡಸ್’ ಎನ್ನುತ್ತಿದ್ದರು. ಈಗ ಆ ಹೆಸರು ಶ್ರೀಲಂಕಾದ ಪ್ರಾಣಿಗೆ ಮಾತ್ರ. ಮೈಸೂರು ಸೀಮೆಯದು ‘ಲೋರಿಸ್ ಲಿಡೆಕ್ಕೇರಿಯಾನಸ್’. ಸಿಕ್ಕಿದ ಸ್ಥಳ ಬರೆದಿದ್ದರೆ ಹಳೆಯ ಮಾದರಿ ಯಾವುದಿರಬಹುದೆಂದು ಬೇಗ ಊಹಿಸಬಹುದು.

ಇನ್ನೊಂದು ಮಾತು. ಖಚಿತವಿಲ್ಲದಿದ್ದರೆ ಜಾತಿಯ ಹೆಸರಿಗೇ ನಿಲ್ಲಿಸಿ. ಮುಂದೆ ಬರುವವರು ಅಲ್ಲಿಂದ ಕೆಲಸ ಆರಂಭಿಸುತ್ತಾರೆ. ಧೈರ್ಯವಾಗಿ ಬರೆದ ತಪ್ಪು ಹೆಸರನ್ನು ಮತ್ತೆ ಪರೀಕ್ಷಿಸುವವರು ವಿರಳ. ನಿಮ್ಮ ಕಾಲೇಜಿನ ಜಾಡಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಿಮಗೆ ಬಂದರೆ, ಮೊದಲು ಹಳೆಯ ಚೀಟಿಯ ಛಾಯಾಚಿತ್ರ ತೆಗೆಯಿರಿ. ಅದರಲ್ಲಿರುವುದನ್ನು ಕಾಗುಣಿತದ ತಪ್ಪಿನ ಸಮೇತ ಹಾಗೆಯೇ ನಕಲು ಮಾಡಿ. ನಿಮ್ಮ ಅಭಿಪ್ರಾಯಕ್ಕೆ ಬೇರೆ ಅಂಕಣವಿರಲಿ.

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಅದೇ ವಿಭಾಗಕ್ಕೆ ಹೋಗಿದ್ದೆ. ನನ್ನ ದುಂಡು ಅಕ್ಷರದ ಚೀಟಿ ಇನ್ನೂ ಇತ್ತು. ಅಲ್ಲಿನ ಅಧ್ಯಾಪಕಿಯೊಬ್ಬರು ಜಾಡಿ ತೆರೆದು, ಇಕ್ಕಳದಿಂದ ಕಾಲು ಹಿಡಿದು ಮಸೂರದಡಿ ತೋರಿಸಿದರು. ಸಲಿಕೆಯಂತಹ ಗಂಟು ಸ್ಪಷ್ಟವಾಗಿತ್ತು, ಕ್ರಾಸಸ್! ಅವರು ತಮ್ಮ ಹೆಸರು, ಅಂದಿನ ತಾರೀಖು ಹಾಕಿ ಹೊಸ ಸಾಲು ಬರೆದುಕೊಂಡರು. “ಸಿಕ್ಕಿದ ಸ್ಥಳ?” ಎಂದು ಕೇಳಿದರು. ಪೆನ್ಸಿಲಿನ ಆ ಊರನ್ನು ನೆನಪಿಸಿಕೊಳ್ಳಲು ಬಹಳ ಹೊತ್ತು ಪ್ರಯತ್ನಿಸಿದೆ, ಆಗಲಿಲ್ಲ. ‘ಮೂಲ ಚೀಟಿ ಕಳೆದಿದೆ’ ಎಂದು ಬರೆಸಿ ಬಂದೆ.