ಎಳೆಯ ಕುನ್ನಿಗಳಿಗೆ ಹದವಾದ ಕಾವು



ರಾಜ್ಯೋತ್ಸವದ ಸಭೆಯಲ್ಲಿ ನಾಯಿಮರಿಗಳ ಮಾತೇಕೆಂದು ತಾವು ಕೇಳಬಹುದು. ವಿಜಯಪುರ, ಹುಬ್ಬಳ್ಳಿಗಳ ಬಸ್ಸಿಳಿದು ಇದೇ ಸ್ವಾರಗೇಟದಲ್ಲಿ ನಸುಕಿನ ಚಳಿಯನ್ನುಂಡವರು ನಾವು. ಡಿಸೆಂಬರ್, ಜನವರಿಗಳಲ್ಲಿ ಪುಣೆಯ ಉಷ್ಣಮಾನ ಎಷ್ಟೋ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ನಮಗೆ ಕಂಬಳಿಯುಂಟು. ತಾಯಿಯನ್ನು ಕಳೆದುಕೊಂಡು ಆಶ್ರಯಧಾಮಕ್ಕೆ ಬಂದ ಎಳೆಗುನ್ನಿಗಾದರೋ ಮೊದಲ ವಾರ ಮೈನಡುಗಿಸಿ ಕಾವು ಹುಟ್ಟಿಸಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಅದಕ್ಕೆ ಸುಮಾರು 30 ಡಿಗ್ರಿಯ ಮೂಲೆ ಬೇಕು. ಮೈ ತಣ್ಣಗಾದರೆ ಕುಡಿಸಿದ ಹಾಲೂ ಜೀರ್ಣವಾಗದು.

ಹೀಟರು ಹಚ್ಚಿದರಾಯಿತಲ್ಲ ಎಂದರೆ, 1000 ವಾಟಿನದು 10 ತಾಸು ಉರಿದರೆ 10 ಯೂನಿಟ್ಟು. ದೇಣಿಗೆಯ ಸಂಸ್ಥೆಗೆ ಅದು ಭಾರ. ತಡೆಯಿಲ್ಲದ ಕಾವಿನಿಂದ ದೂರ ಸರಿಯಲಾರದ ಮರಿಗಳು ಬೆಂದೂ ಹೋದಾವು.

ಆದುದರಿಂದ ಥರ್ಮೋಸ್ಟಾಟು ಬೇಕು. ಇಸ್ತ್ರಿಪೆಟ್ಟಿಗೆಯಲ್ಲಿ ಎರಡು ಲೋಹಗಳ ಪಟ್ಟಿ ಬಿಸಿಗೆ ಬಾಗಿ ವಿದ್ಯುತ್ತನ್ನು ಕಡಿಯುವುದನ್ನು ತಾವು ಬಲ್ಲಿರಿ. ಈಗ ಅದೇ ಕೆಲಸವನ್ನು ಥರ್ಮಿಸ್ಟರೆಂಬ ಪುಟ್ಟ ಮಣಿಯುಳ್ಳ ಸಣ್ಣ ಯಂತ್ರವು ಮಾಡುತ್ತದೆ. ಬೆಲೆ ಕೆಲವೇ ನೂರು ರೂಪಾಯಿ. ಬುಧವಾರ ಪೇಟೆಯಲ್ಲಿ ಸಿಕ್ಕೀತು. 29ಕ್ಕೆ ಹಚ್ಚು, 30ಕ್ಕೆ ಆರಿಸು ಎಂದು ಹೇಳಿಟ್ಟರೆ ರಾತ್ರಿಯೆಲ್ಲ ಕಾಯುತ್ತದೆ.

ನಾನು ಮೊದಲು ಕಟ್ಟಿಕೊಟ್ಟಾಗ ಮಾಡಿದ ತಪ್ಪನ್ನು ಮುಚ್ಚಿಡಲಾರೆ. ಅಂಕಿ ಓದಲು ಅನುಕೂಲವೆಂದು ಯಂತ್ರವನ್ನೂ ಮಣಿಯನ್ನೂ ಗೋಡೆಯ ಮೇಲೆ ನನ್ನ ಕಣ್ಣಿನೆತ್ತರಕ್ಕೆ ಹೊಡೆದೆ. ಬಿಸಿಗಾಳಿ ಮೇಲಕ್ಕೇರುವುದು ಶಾಲೆಯ ಹುಡುಗನೂ ಬಲ್ಲ ಸಂಗತಿ! ಮೇಲೆ 30 ತೋರುತ್ತಿತ್ತು, ಕೆಳಗೆ ಫರಸಿ ಕೊರೆಯುತ್ತಿತ್ತು. ಬೆಳಿಗ್ಗೆ ನೋಡಿದರೆ ಆರು ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಅಡಿಯಲ್ಲಿದ್ದುದು ಉಳಿಯಲಿಲ್ಲ. ಅಂದಿನಿಂದ ಮಣಿಯನ್ನು ಮರಿಗಳ ಬೆನ್ನಿನೆತ್ತರಕ್ಕೆ, ಅವು ಕಚ್ಚದಂತೆ ತೂತುಬಿದ್ದ ಡಬ್ಬಿಯೊಳಗೆ ಇಡುತ್ತೇನೆ.

ಇನ್ನೊಂದು ಮಾತು. ಅಗ್ಗದ ರಿಲೇಯ ತುದಿಗಳು ಕಿಡಿಯಿಂದ ಬೆಸೆದುಕೊಂಡರೆ ಹೀಟರು ಆರುವುದೇ ಇಲ್ಲ. ಅದಕ್ಕೆಂದೇ 35 ಡಿಗ್ರಿಗೆ ಕಡಿಯುವ ಎರಡನೆಯ ಥರ್ಮೋಸ್ಟಾಟನ್ನು ಅದೇ ತಂತಿಯ ಸಾಲಿನಲ್ಲಿ ಸೇರಿಸಬೇಕು. 2000 ವಾಟಿನ ಹೀಟರು ಸುಮಾರು 9 ಆಂಪಿಯರು ಎಳೆಯುವುದರಿಂದ ನಡುವೆ ಕಾಂಟಾಕ್ಟರೂ ಬೇಕು. ನೆಲ ತೊಳೆಯುವ ಸ್ಥಳವಾದ್ದರಿಂದ ಅರ್ಥಿಂಗು ಇಲ್ಲದೆ ಕೈಹಚ್ಚಬಾರದು; ಜೋಡಣೆ ಬಲ್ಲ ಇಲೆಕ್ಟ್ರಿಷಿಯನ್ನನಿಂದಲೇ ಆಗಲಿ.

ಯಂತ್ರಕ್ಕಿಂತ ಮರಿಗಳನ್ನೇ ಹೆಚ್ಚು ನಂಬಿರಿ. ಗುಂಪುಗೂಡಿದರೆ ಚಳಿ, ಚದುರಿ ಏದುಸಿರು ಬಿಟ್ಟರೆ ಸೆಕೆ. ಡಿಸೆಂಬರಿನೊಳಗೆ ಇನ್ನೆರಡು ಪೆಟ್ಟಿಗೆ ಕಟ್ಟುವುದಿದೆ. ಇಕ್ಕುಳ ಹಿಡಿಯಬಲ್ಲ ತರುಣರು ಸಭೆ ಮುಗಿದೊಡನೆ ನನ್ನನ್ನು ಕಾಣಬೇಕೆಂದು ಬಿನ್ನವಿಸಿ ಕುಳಿತುಕೊಳ್ಳುತ್ತೇನೆ.