ಕಮಲಾಪುರದ ಕೆಂಬಾಳೆಗೆ ಅಪ್ಪ ಯಾರು?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದಾಗ ಕೆಂಪು ಬಾಳೆಹಣ್ಣು ಕಂಡರೆ ಒಂದು ತನ್ನಿ. ಬೆಲೆ ತುಸು ಜಾಸ್ತಿ, ಒಂದೇ ಸಾಕು. ಹುಮನಾಬಾದ್ ರಸ್ತೆಯ ಕಮಲಾಪುರದ ಹಣ್ಣು ಅದು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದದ್ದು. ಬಾಯಿಗಿಡುವ ಮೊದಲು ಅಡ್ಡಲಾಗಿ ಕೊಯ್ದು ನೋಡಿ. ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳಿವೆ. ಅವು ಬೀಜ ಆಗಬೇಕಿತ್ತು, ಆಗಲಿಲ್ಲ.

ಹಾಗಾದರೆ ತೋಟದಲ್ಲಿ ಹೊಸ ಗಿಡ ಬರುವುದು ಎಲ್ಲಿಂದ? ಬಾಳೆಯಲ್ಲಿ ನಾವು ಕಾಂಡ ಅಂದುಕೊಳ್ಳುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳನ್ನು. ನಿಜವಾದ ಕಾಂಡ ಮಣ್ಣೊಳಗಿನ ಗಡ್ಡೆ. ಅದರ ಮಗ್ಗುಲಿನಿಂದ ಮರಿಗಳು ಮೇಲೇಳುತ್ತವೆ. ಕಂದು ಅಂತಲೂ ಅನ್ನುತ್ತಾರೆ. ರೈತರು ಮರಿಯನ್ನು ಗಡ್ಡೆಯ ತುಣುಕಿನ ಸಮೇತ ಕಿತ್ತು ಬೇರೆ ಕುಣಿಯಲ್ಲಿ ನೆಡುತ್ತಾರೆ. ತಾಯಿ ಒಂದೇ ಒಂದು ಗೊನೆ ಕೊಟ್ಟು ಮುಗಿಯುತ್ತದೆ, ಮರಿ ಮುಂದುವರಿಯುತ್ತದೆ.

ಈ ಮರಿಗೆ ಅಪ್ಪ ಇಲ್ಲ! ಅದು ತಾಯಿಯ ಮೈಯದೇ ಚೂರು. ಇದೇ ಅಲೈಂಗಿಕ ಸಂತಾನೋತ್ಪತ್ತಿ. (ಅಪರೂಪಕ್ಕೊಮ್ಮೆ ಕೆಂಬಾಳೆಯ ಮರಿಯೊಂದು ಹಸಿರು ಹಣ್ಣು ಬಿಡುವುದುಂಟು. ಜೀವಕೋಶದಲ್ಲಿ ತಾನಾಗಿ ಆದ ಬದಲಾವಣೆ ಅದು, ಅಪ್ಪನ ಬಣ್ಣವಲ್ಲ.)

ಬೀಜ ಯಾಕೆ ಆಗಲಿಲ್ಲ ಅನ್ನುವುದಕ್ಕೆ ಒಂದು ಲೆಕ್ಕವಿದೆ. ಗಟ್ಟಿ ಬೀಜ ತುಂಬಿದ ಕಾಡುಬಾಳೆಯ ಜೀವಕೋಶದಲ್ಲಿ 22 ವರ್ಣತಂತುಗಳು, ಅಂದರೆ 11 ಜೋಡಿ. ಕೆಂಬಾಳೆಯಲ್ಲಿ 33. ಪರಾಗ ಮತ್ತು ಅಂಡಾಣು ತಯಾರಾಗುವಾಗ ವರ್ಣತಂತುಗಳು ಎರಡೆರಡಾಗಿ ಕೈ ಹಿಡಿದು, ಆಮೇಲೆ ಸಮಪಾಲಾಗಿ ಬಿಡಿಸಿಕೊಳ್ಳಬೇಕು. ಮೂವರು ಗೆಳತಿಯರು ಫುಗಡಿ ಆಡಲು ನಿಂತರೆ? ಒಬ್ಬಳು ಸುಮ್ಮನೆ ನಿಲ್ಲಬೇಕಾಗುತ್ತದೆ. ಕೆಂಬಾಳೆಯೊಳಗೆ ನಡೆಯುವ ಗೊಂದಲವೂ ಅದೇ. ಆದರೂ ಬೀಜಕ್ಕೆ ಕಾಯದೆ ಹಣ್ಣು ದಪ್ಪವಾಗುತ್ತದೆ. ನಮ್ಮ ಭಾಗ್ಯ!

ಈಗ ಕರಿಮಣ್ಣಿನ ಹೊಲಕ್ಕೆ ಬನ್ನಿ. ತೊಗರಿಯಲ್ಲಿ ವರ್ಣತಂತುಗಳು 22, ಜೋಡಿಗೆ ತೊಂದರೆಯಿಲ್ಲ. ಹಳದಿ ಹೂವಿನೊಳಗೆ ಹತ್ತು ಕೇಸರ, ನಡುವೆ ಅಂಡಾಶಯ. ಬಹಳ ಸಲ ಅದೇ ಹೂವಿನ ಪರಾಗವೇ ಕೆಲಸ ಮುಗಿಸುತ್ತದೆ. ಜೇನ್ನೊಣ ಬಂದರೆ ಪಕ್ಕದ ಗಿಡದ ಪರಾಗವೂ ಬರುತ್ತದೆ. ಪರಾಗದ 11, ಅಂಡಾಣುವಿನ 11 ಸೇರಿ ಹೊಸ ಜೀವ. ಇದು ಲೈಂಗಿಕ ಸಂತಾನೋತ್ಪತ್ತಿ. ಮನೆಯಲ್ಲಿ ಸುಸಲಾ ಕಲಸುತ್ತಾರಲ್ಲ, ಹಾಗೆ: ಸಾಮಾನು ಅದೇ, ರುಚಿ ಪ್ರತಿ ಸಲ ಚೂರು ಬೇರೆ.

ಈ ಕಲಸಾಟದ ಲಾಭ ರೋಗ ಬಂದಾಗ ಗೊತ್ತಾಗುತ್ತದೆ. ತೊಗರಿಯನ್ನು ಒಣಗಿಸುವ ನೆಟೆ ರೋಗಕ್ಕೂ ಬಾಳೆಯನ್ನು ಕೊಲ್ಲುವ ಪನಾಮ ರೋಗಕ್ಕೂ ಕಾರಣ ಫ್ಯುಸೇರಿಯಂ ಎಂಬ ಒಂದೇ ಕುಲದ ಶಿಲೀಂಧ್ರಗಳು. ತೊಗರಿ ಹೊಲದಲ್ಲಿ ಹತ್ತು ಗಿಡ ಒಣಗಿದರೂ ಒಂದು ತಡೆದುಕೊಂಡು ನಿಲ್ಲಬಹುದು. ಅಂಥ ಗಿಡಗಳನ್ನು ಆರಿಸಿ, ಬೇರೆಯವುಗಳ ಜೊತೆ ಕೂಡಿಸಿ ತಳಿವಿಜ್ಞಾನಿಗಳು ಹೊಸ ತಳಿ ಮಾಡುತ್ತಾರೆ. ನೆಟೆ ರೋಗ ತಡೆಯುವ ಟಿಎಸ್-3ಆರ್ ತಳಿ ಬಂದದ್ದು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ. ಬಾಳೆಗೆ ಈ ಅನುಕೂಲ ಕಡಿಮೆ. ಒಂದು ಕಾಲಕ್ಕೆ ದೇಶದಿಂದ ದೇಶಕ್ಕೆ ಹೆಚ್ಚಾಗಿ ರಫ್ತಾಗುತ್ತಿದ್ದ ಗ್ರೋ ಮಿಶೆಲ್ ಬಾಳೆಯ ದೊಡ್ಡ ದೊಡ್ಡ ತೋಟಗಳು ಪನಾಮ ರೋಗಕ್ಕೆ ಸಿಕ್ಕಿ 1950ರ ದಶಕದ ಹೊತ್ತಿಗೆ ಹಾಳಾದವು. ಎಲ್ಲ ಗಿಡಗಳೂ ಒಂದೇ ಅಚ್ಚು. ಒಂದಕ್ಕೆ ತಾಗಿದ್ದು ಎಲ್ಲಕ್ಕೂ ತಾಗಿತು.

ಇನ್ನು ನಿಮ್ಮ ಕೆಲಸ. ಹತ್ತು ಇಡೀ ತೊಗರಿ ಕಾಳು ರಾತ್ರಿ ನೆನೆಹಾಕಿ. ಬೆಳಿಗ್ಗೆ ಒಂದರ ಸಿಪ್ಪೆ ತೆಗೆದು ಮೆಲ್ಲಗೆ ಬಿಡಿಸಿದರೆ ಎರಡು ಬೇಳೆಗಳ ಅಂಚಿನಲ್ಲಿ ಪುಟ್ಟ ಕುಡಿ ಕಾಣುತ್ತದೆ. ಅದೇ ಮುಂದಿನ ಗಿಡ. ಉಳಿದ ಒಂಬತ್ತನ್ನು ಒಂದು ಡಬ್ಬಿಯ ಮಣ್ಣಿಗೆ, ಅಡುಗೆಮನೆಯ ಬೇಳೆಯನ್ನು ಇನ್ನೊಂದಕ್ಕೆ ಹಾಕಿ, ವಾರ ನೀರು ಹಾಕಿ. ಬೇಳೆ ಮೊಳೆಯುವುದಿಲ್ಲ. ಮಿಲ್ಲಿನಲ್ಲಿ ಕಾಳು ಒಡೆದಾಗಲೇ ಆ ಕುಡಿ ಮುರಿದುಹೋಗಿರುತ್ತದೆ.