ನೂರು ವರ್ಷದ ಮೀನಿನ ಲೆಕ್ಕ



ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವಿನ್ನೆಬೇಗೋ ಎಂಬ ಸರೋವರವಿದೆ. ಚಳಿಗಾಲದಲ್ಲಿ ಅದು ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ ಎಂದರೆ ಜನ ಅದರ ಮೇಲೆ ಟ್ರಕ್ಕು ಓಡಿಸುತ್ತಾರೆ. ಫೆಬ್ರುವರಿಯ ಎರಡನೇ ಶನಿವಾರ ಬಂತೆಂದರೆ ಸಾವಿರಾರು ಜನ ಅಲ್ಲಿ ಪುಟ್ಟ ಪುಟ್ಟ ಗುಡಿಸಲು ನಿಲ್ಲಿಸಿ, ಒಳಗೆ ಬೆಳಕು ಬಾರದಂತೆ ಮುಚ್ಚಿ, ಮಂಜುಗಡ್ಡೆಯಲ್ಲಿ ಅಗಲವಾದ ಕಿಂಡಿ ಕೊಯ್ದು, ಈಟಿ ಹಿಡಿದು ಕೂರುತ್ತಾರೆ. ಗುಡಿಸಲು ಕತ್ತಲಾಗಿದ್ದರೆ ಕೆಳಗಿನ ನೀರು ತಿಳಿಯಾಗಿ ಕಾಣುತ್ತದೆ. ಗಂಟೆಗಟ್ಟಲೆ ಕಾದರೂ ಏನೂ ಬಾರದಿರಬಹುದು. ಎಷ್ಟೋ ಮಂದಿ ವರ್ಷ ವರ್ಷವೂ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ.

ಅವರು ಕಾಯುವುದು ಸ್ಟರ್ಜನ್ ಮೀನಿಗೆ. ಇದು ಉತ್ತರಾರ್ಧಗೋಳದ ಮೀನು, ನಮ್ಮ ದೇಶದ ನದಿಗಳಲ್ಲಿ ಇಲ್ಲ. ಉದ್ದ ಮೂತಿ, ಅದರ ಕೆಳಗೆ ನಾಲ್ಕು ಮೀಸೆ, ಮೈಮೇಲೆ ಐದು ಸಾಲು ಎಲುಬಿನ ಫಲಕ, ಒಳಗೆ ಬಹುಪಾಲು ಮೃದ್ವಸ್ಥಿಯ ಅಸ್ಥಿಪಂಜರ. ಬೆಳೆದ ಮೀನಿನ ಬಾಯಲ್ಲಿ ಹಲ್ಲಿಲ್ಲ. ಡೈನೋಸಾರ್‌ಗಳ ಕಾಲದಿಂದ ಇರುವ ಕುಲವಿದು. ದುಬಾರಿ ಹೋಟೆಲುಗಳಲ್ಲಿ ಕ್ಯಾವಿಯರ್ ಎಂದು ಬಡಿಸುವ ಕಪ್ಪು ಮೊಟ್ಟೆ ಈ ಬಳಗದ್ದೇ. ಆ ಮೊಟ್ಟೆಯ ಆಸೆ ಮತ್ತು ನದಿಗಳಿಗೆ ಕಟ್ಟಿದ ಅಣೆಕಟ್ಟುಗಳು ಸೇರಿ ಇವುಗಳನ್ನು ಎಲ್ಲಿಗೆ ತಂದಿವೆಯೆಂದರೆ, ಉಳಿದಿರುವ ಸ್ಟರ್ಜನ್ ಪ್ರಭೇದಗಳೆಲ್ಲವೂ ಅಪಾಯದಲ್ಲಿವೆ ಎಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2022ರಲ್ಲಿ ಹೇಳಿತು.

ಹಾಗಿದ್ದಮೇಲೆ ಈಟಿ ಹಿಡಿದು ಕೂತವರಿಗೆ ಸರ್ಕಾರ ಅನುಮತಿ ಕೊಡುವುದಾದರೂ ಏಕೆ? ನನಗೂ ಮೊದಲು ಇದು ವಿಚಿತ್ರವೆನಿಸಿತ್ತು. ಆದರೆ ತಾನಾಗಿಯೇ ಉಳಿದು ಬೆಳೆಯುತ್ತಿರುವ ಸರೋವರದ ಸ್ಟರ್ಜನ್ ಸಂತತಿಗಳಲ್ಲಿ ಪ್ರಪಂಚದಲ್ಲೇ ದೊಡ್ಡವುಗಳ ಸಾಲಿಗೆ ಸೇರಿದ್ದು ವಿನ್ನೆಬೇಗೋದ್ದು. ಅದಕ್ಕೆ ಕಾರಣ ಹುಡುಕುತ್ತಾ ಹೋದರೆ ಲೆಕ್ಕದ ಪುಸ್ತಕದ ಮುಂದೆ ನಿಲ್ಲುತ್ತೇವೆ.

ಅಲ್ಲಿ ಹಿಡಿದ ಪ್ರತಿಯೊಂದು ಮೀನನ್ನೂ ಅದೇ ದಿನ ನೋಂದಣಿ ಕೇಂದ್ರಕ್ಕೆ ಒಯ್ಯಲೇಬೇಕು. ಜೀವವಿಜ್ಞಾನಿಗಳು ಅಳೆಯುತ್ತಾರೆ, ತೂಗುತ್ತಾರೆ, ಹೆಣ್ಣೋ ಗಂಡೋ ನೋಡುತ್ತಾರೆ. ವರ್ಷಕ್ಕೆ ಇಷ್ಟೇ ಎಂದು ಮಿತಿಯಿದೆ, ಅದರಲ್ಲೂ ಪ್ರಾಯಕ್ಕೆ ಬಂದ ಹೆಣ್ಣಿಗೆ ಬೇರೆಯೇ ಮಿತಿ. ಆ ಸಂಖ್ಯೆ ಮುಟ್ಟಿದರೆ ಹದಿನಾರು ದಿನದ ಋತು ಅವಧಿಗೆ ಮುಂಚೆಯೇ ಮುಗಿಯುತ್ತದೆ. ಹೆಣ್ಣಿನ ವಿಷಯದಲ್ಲಿ ಇಷ್ಟು ಬಿಗಿ ಏಕೆಂದರೆ ಆಕೆ ಮೊದಲ ಸಲ ಮೊಟ್ಟೆ ಇಡುವುದೇ ಇಪ್ಪತ್ತು ವರ್ಷ ದಾಟಿದ ಮೇಲೆ. ಆಮೇಲೂ ಪ್ರತಿ ವರ್ಷ ಇಡುವುದಿಲ್ಲ, ನಡುವೆ ಮೂರು ನಾಲ್ಕು ವರ್ಷ ಬಿಡುತ್ತಾಳೆ. 2021ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ನದಿಯಲ್ಲಿ ಸಮೀಕ್ಷೆಗೆ ಸಿಕ್ಕ ಒಂದು ಸ್ಟರ್ಜನ್ ಸುಮಾರು 109 ಕಿಲೋ ತೂಗಿತು. ಅದಕ್ಕೆ ನೂರು ವರ್ಷ ದಾಟಿರಬೇಕೆಂದು ಅಂದಾಜು ಮಾಡಿ ನೀರಿಗೆ ಬಿಟ್ಟರು. ಇಂಥ ಮೀನಿನ ಒಂದು ಆಯುಷ್ಯವನ್ನು ಪೂರ್ತಿ ನೋಡುವಷ್ಟು ಸೇವಾವಧಿ ಯಾವ ವಿಜ್ಞಾನಿಗೂ ಇಲ್ಲ.

ಅಂದಾಜು ಎಂದೆ. ಮೀನಿನ ವಯಸ್ಸು ತಿಳಿಯುವುದು ಹೇಗೆ? ಎದೆಯ ಬಳಿಯ ಈಜುರೆಕ್ಕೆಯ ಮುಂಗಡ್ಡಿಯಿಂದ ಒಂದು ತುಂಡು ಕತ್ತರಿಸಿ, ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಲ್ಲಿರುವಂತೆ ಉಂಗುರಗಳು ಕಾಣುತ್ತವೆ. ಮೀನು ಸಾಯಬೇಕಾಗಿಲ್ಲ. ದಶಕಗಳ ಕಾಲ ಇದನ್ನೇ ನಂಬಿದ್ದರು. ತೊಂದರೆ ಏನೆಂದರೆ, ಮುದಿಯಾದಂತೆ ಬೆಳವಣಿಗೆ ನಿಧಾನವಾಗುತ್ತದೆ. ಅಂಚಿನ ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಎಣಿಕೆಗೆ ಸಿಗುವುದಿಲ್ಲ.

ಇದನ್ನು ಬಯಲು ಮಾಡಿದ್ದು ಅಣುಬಾಂಬು. ಹೌದು, 1950ರ ದಶಕದ ಕೊನೆಯಲ್ಲಿ ಮತ್ತು 60ರ ದಶಕದ ಮೊದಲಲ್ಲಿ ಬಯಲಲ್ಲೇ ಸಿಡಿಸಿದ ಅಣ್ವಸ್ತ್ರಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅದು ನೀರಿಗಿಳಿಯಿತು, ಹುಳುವಿಗೆ ಹೋಯಿತು, ಹುಳು ತಿಂದ ಮೀನಿಗೂ ಬಂತು. ಮೀನಿನ ಕಿವಿಯೊಳಗೆ ಪುಟ್ಟ ಕಲ್ಲುಗಳಿರುತ್ತವೆ. ಅವು ಹುಟ್ಟಿನಿಂದ ಪದರ ಪದರವಾಗಿ ಬೆಳೆಯುತ್ತವೆ. ಕಲ್ಲಿನ ನಡುಗೇಂದ್ರದಲ್ಲಿ ಆ ಇಂಗಾಲ ಎಷ್ಟಿದೆ ನೋಡಿದರೆ, ಮೀನು ಬಾಂಬುಗಳಿಗೆ ಮುಂಚೆ ಹುಟ್ಟಿದ್ದೋ ಆಮೇಲೋ, ಯಾವ ವರ್ಷದ ಸುಮಾರಿಗೋ ಗೊತ್ತಾಗುತ್ತದೆ. ವಿನ್ನೆಬೇಗೋ ಸ್ಟರ್ಜನ್‌ಗಳ ಮೇಲೆ ರಾನ್ ಬ್ರಕ್ ಮತ್ತು ಸಂಗಡಿಗರು ಹೀಗೆ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕಿವಿಗಲ್ಲಿನ ಪದರಗಳು ಸರಿಯಾದ ವಯಸ್ಸನ್ನೇ ಹೇಳುತ್ತಿದ್ದವು. ಈಜುರೆಕ್ಕೆಯಾದರೋ ಹದಿನಾಲ್ಕು ವರ್ಷ ದಾಟಿದ ಮೀನಿಗೆಲ್ಲ ವಯಸ್ಸು ಕಡಿಮೆ ತೋರಿಸುತ್ತಿತ್ತು.

ವಯಸ್ಸಿನಲ್ಲಿ ನಾಲ್ಕಾರು ವರ್ಷ ಹೆಚ್ಚುಕಡಿಮೆಯಾದರೆ ಏನಂತೆ ಅನ್ನಬೇಡಿ. ನಲವತ್ತರ ಮೀನನ್ನು ಮೂವತ್ತರದು ಎಂದು ಬರೆದರೆ, ಅದು ನಿಜಕ್ಕಿಂತ ಬೇಗ ಬೆಳೆಯಿತು ಎಂದಾಗುತ್ತದೆ. ಬೇಗ ಬೆಳೆಯುವ ಮೀನು ಬೇಗ ತುಂಬಿಕೊಳ್ಳುತ್ತದೆ, ಇನ್ನೊಂದಿಷ್ಟು ಹಿಡಿಯಬಹುದು ಎಂಬ ತೀರ್ಮಾನ ಅದರ ಹಿಂದೆಯೇ ಬರುತ್ತದೆ. ಅದೃಷ್ಟಕ್ಕೆ, ಹಳೆಯ ಎಣಿಕೆಗಳನ್ನು ತಿದ್ದಿಕೊಳ್ಳಲು ಒಂದು ಸೂತ್ರವನ್ನೂ ಆ ತಂಡ ಕೊಟ್ಟಿತು. ಇನ್ನೊಂದು ಮಾತು: ಕಿವಿಗಲ್ಲು ತೆಗೆಯಬೇಕಾದರೆ ಮೀನು ಸತ್ತಿರಬೇಕು. ಈಟಿಗೆ ಸಿಕ್ಕ ಮೀನು ಹೇಗೂ ಸತ್ತಿರುತ್ತದೆ.

ವಸಂತದಲ್ಲಿ ಇದೇ ಮೀನುಗಳು ವುಲ್ಫ್ ನದಿಯನ್ನು ಏರಿ, ದಡದ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ. ಕಳ್ಳರು ಹಿಡಿಯದಂತೆ ಊರಿನ ಸ್ವಯಂಸೇವಕರು ಹಗಲೂ ರಾತ್ರಿ ಪಾಳಿಯಲ್ಲಿ ಕಾವಲು ನಿಲ್ಲುತ್ತಾರೆ. ಅವರಲ್ಲಿ ಈಟಿ ಹಿಡಿಯುವವರೂ ಇರುತ್ತಾರೆ.

ಚೀನಾದ ಯಾಂಗ್‌ಟ್ಸಿ ನದಿಯಲ್ಲಿ ಹೀಗಾಗಲಿಲ್ಲ. ಅಲ್ಲಿ ಸ್ಟರ್ಜನ್‌ನ ದಾಯಾದಿ, ಕತ್ತಿಯಂಥ ಉದ್ದ ಮೂತಿಯ ಪ್ಯಾಡಲ್ ಮೀನು ಇತ್ತು. 1981ರಲ್ಲಿ ಗೆಝೌಬಾ ಅಣೆಕಟ್ಟು ನದಿಯನ್ನು ಎರಡು ಭಾಗ ಮಾಡಿತು. 2003ರ ಜನವರಿಯಲ್ಲಿ ಯಿಬಿನ್ ಬಳಿ ಒಂದು ಮೀನು ಅಕಸ್ಮಾತ್ ಬಲೆಗೆ ಸಿಕ್ಕಿತು. ಶಬ್ದಸಂಕೇತ ಕಳಿಸುವ ಉಪಕರಣ ಕಟ್ಟಿ ಬಿಟ್ಟರು. ಸಂಕೇತ ಬೇಗನೆ ಕೈತಪ್ಪಿತು, ಆಮೇಲೆ ಆ ಜಾತಿಯ ಮೀನು ಯಾರಿಗೂ ಕಾಣಲಿಲ್ಲ. 2017 ಮತ್ತು 18ರಲ್ಲಿ ನದಿಯುದ್ದಕ್ಕೂ ನಡೆದ ಸಮೀಕ್ಷೆಯಲ್ಲಿ 332 ಬಗೆಯ ಮೀನುಗಳು ಸಿಕ್ಕವು. ಅವುಗಳಲ್ಲಿ ಪ್ಯಾಡಲ್ ಮೀನು ಒಂದೂ ಇರಲಿಲ್ಲ.

ನಮ್ಮ ಕಾವೇರಿಯಲ್ಲೂ ಒಂದು ದೊಡ್ಡ ಮೀನಿದೆ, ಡುಬ್ಬದ ಮಹಶೀರ್. ಗಾಲಿಬೋರೆಯ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು ಮೀನು ಹಿಡಿದು, ತೂಗಿ, ಪುಸ್ತಕದಲ್ಲಿ ಬರೆದು ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯಲ್ಲಿ 6,000ಕ್ಕೂ ಹೆಚ್ಚು ಮಹಶೀರ್‌ಗಳಿವೆ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಅದನ್ನು ಬಿಡಿಸಿ ನೋಡಿದರು. ಮೇಲ್ನೋಟಕ್ಕೆ ಮೀನು ಹೆಚ್ಚುತ್ತಿತ್ತು. ಆದರೆ ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಡುಬ್ಬದ ಮೀನು ಕಡಿಮೆಯಾಗುತ್ತಾ, ಸಿಕ್ಕವು ಮಾತ್ರ ದೊಡ್ಡದಾಗುತ್ತಾ ಹೋಗಿದ್ದವು. ಮರಿಗಳು ಬರುತ್ತಿಲ್ಲ, ಹಳೆಯವಷ್ಟೇ ಉಳಿದಿವೆ ಎಂಬುದು ಅದರ ಅರ್ಥ.

ಆಗ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಕಾವೇರಿ ಜಲಾನಯನದ ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳ ಡಿಎನ್‌ಎ ನೋಡಿ, ಇದು ಟೋರ್ ರೆಮದೇವಿ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅತ್ಯಂತ ಅಪಾಯಕ್ಕೆ ಸಿಲುಕಿದ ಜೀವಿಗಳ ಪಟ್ಟಿಗೂ ಸೇರಿತು. ಅಷ್ಟರೊಳಗೆ ವನ್ಯಜೀವಿ ಕಾನೂನಿನಡಿ ಕಾವೇರಿಯ ರಕ್ಷಿತ ಪ್ರದೇಶದಲ್ಲಿ ಗಾಳ ಹಾಕುವುದು ನಿಂತಿತ್ತು. ಅದರೊಂದಿಗೆ ಗಾಲಿಬೋರೆಯ ಪುಸ್ತಕವೂ 2012ಕ್ಕೇ ಮುಗಿದಿತ್ತು.